ಟೇಪು ಬಿದ್ದಲ್ಲೇ ಇರಲಿ

ಕಲಘಟಗಿ ತಾಲ್ಲೂಕಿನ ಸಾಗವಾನಿ ಕಾಡಿನಲ್ಲಿ, ಊರಿಗೆ ಹತ್ತಿರದ ಅಂಚಿನಲ್ಲಿ, ನೆಲಕ್ಕೆ ಬಿದ್ದ ಸತ್ತ ಮರ ಎಷ್ಟಿದೆ ಎಂದು ಅಳೆಯಲು 50 ಮೀಟರ್ ಟೇಪು ಎಳೆದು ನಿಂತಿದ್ದೆವು. ಟೇಪಿಗೆ ಒಂದೇ ಒಂದು ಕೊರಡೂ ಅಡ್ಡ ಬಂದಿರಲಿಲ್ಲ. ಮೂರು ಹೆಜ್ಜೆ ಆಚೆಗೆ ಮಾತ್ರ ತೊಡೆಗಾತ್ರದ ಮತ್ತಿಯ ಕೊರಡೊಂದು ಬಿದ್ದಿತ್ತು. ತರಬೇತಿಗೆ ಬಂದಿದ್ದ ಹುಡುಗ ಟೇಪಿನ ತುದಿ ಎತ್ತಿ, "ಸರ್, ಸ್ವಲ್ಪ ಈ ಕಡೆ ಸರಿಸಿದರೆ ಇದು ಸಿಗುತ್ತದೆ" ಎಂದ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಬೆಳಗಿನಿಂದ ನಡೆದು ಬಂದವನಿಗೆ ಖಾಲಿ ಹಾಳೆ ಹಿಡಿದು ಹೋಗಲು ಮನಸ್ಸು ಬರಲಿಲ್ಲ, ಅಷ್ಟೆ. ಟೇಪನ್ನು ಇದ್ದಲ್ಲೇ ಇಡಿಸಿದೆ.

ಕಾಡಿನ ನೆಲದ ಮೇಲೆ ಬಿದ್ದಿರುವ ಸತ್ತ ಮರವನ್ನೆಲ್ಲ ಒಂದೊಂದಾಗಿ ಅಳೆಯುವುದು ಆಗದ ಮಾತು. ಅದಕ್ಕೆ ಗೆರೆಯ ವಿಧಾನವಿದೆ. ಮರ ಕಡಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಅಂದಾಜು ಮಾಡಲು 1964ರಲ್ಲಿ ಸಂಶೋಧಕರಾದ ವಾರೆನ್ ಮತ್ತು ಓಲ್ಸೆನ್ ಇದನ್ನು ಬಳಕೆಗೆ ತಂದರು. 1968ರಲ್ಲಿ ಕೆನಡಾದ ವ್ಯಾನ್ ವ್ಯಾಗ್ನರ್ ಇದರ ಗಣಿತವನ್ನು ಸರಳಗೊಳಿಸಿದರು. ಮೊದಲೇ ಗೊತ್ತುಮಾಡಿದ ದಿಕ್ಕಿನಲ್ಲಿ ಟೇಪು ಎಳೆಯಬೇಕು. ಅದನ್ನು ದಾಟುವ ಪ್ರತಿ ಕೊರಡಿನ ವ್ಯಾಸವನ್ನು, ದಾಟಿದ ಜಾಗದಲ್ಲಿಯೇ, ಕೊರಡಿಗೆ ಲಂಬವಾಗಿ ಕ್ಯಾಲಿಪರ್ (ದಪ್ಪ ಅಳೆಯುವ ಇಕ್ಕಳದಂಥ ಸಾಧನ) ಹಿಡಿದು ಅಳೆಯಬೇಕು. ಉದ್ದ ಅಳೆಯುವ ಅಗತ್ಯವೇ ಇಲ್ಲ. ಇದನ್ನು ಕೇಳಿದ ಕೂಡಲೇ ಎಲ್ಲರೂ ಹುಬ್ಬೇರಿಸುತ್ತಾರೆ. ಉದ್ದದ ಕೊರಡು ಟೇಪಿಗೆ ಅಡ್ಡ ಬರುವ ಸಾಧ್ಯತೆ ಹೆಚ್ಚು, ಗಿಡ್ಡದ್ದು ಬರುವ ಸಾಧ್ಯತೆ ಕಡಿಮೆ. ಹೀಗೆ ಉದ್ದದ ಲೆಕ್ಕ ಗೆರೆಯಲ್ಲೇ ಸೇರಿಹೋಗಿರುತ್ತದೆ. ಆದರೆ ಗೆರೆಯನ್ನು ನಾವು ಆರಿಸಿಕೊಳ್ಳದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕೊರಡು ಕಂಡಲ್ಲಿಗೆ ಟೇಪನ್ನು ಎಳೆದೊಯ್ದರೆ ಸೂತ್ರ ಬಿದ್ದುಹೋಗುತ್ತದೆ.

ಅದೇ ಕಾಡಿನ ಒಳಭಾಗದ ಇನ್ನೊಂದು ಗೆರೆಯ ಲೆಕ್ಕ ನೋಡೋಣ. ನಾಲ್ಕು ಕೊರಡುಗಳು ಅಡ್ಡ ಬಂದವು: 8, 12, 9 ಮತ್ತು 21 ಸೆಂಟಿಮೀಟರ್. ಇವುಗಳ ವರ್ಗಗಳನ್ನು ಕೂಡಿದರೆ 730. ಅದನ್ನು 1.234ರಿಂದ ಗುಣಿಸಿ, ಗೆರೆಯ ಉದ್ದವಾದ 50ರಿಂದ ಭಾಗಿಸಿದರೆ ಹೆಕ್ಟೇರಿಗೆ ಸುಮಾರು 18 ಘನ ಮೀಟರ್. ಈ 1.234 ಎಂಬುದು ಪೈ ವರ್ಗದ ಎಂಟನೆಯ ಒಂದು ಭಾಗ. ವ್ಯಾಸ ಸೆಂಟಿಮೀಟರಿನಲ್ಲಿ, ಉದ್ದ ಮೀಟರಿನಲ್ಲಿ ಇದ್ದರೆ ಉತ್ತರ ನೇರವಾಗಿ ಹೆಕ್ಟೇರಿನ ಲೆಕ್ಕದಲ್ಲಿ ಬರುತ್ತದೆ.

730ರಲ್ಲಿ 441 ಆ ಒಂದೇ ದಪ್ಪ ಕೊರಡಿನದು. ಅದನ್ನು ಕೋಲಿನಿಂದ ಬಡಿದಾಗ ಡೋಲಿನಂತೆ ಪೊಳ್ಳು ಸದ್ದು ಬಂತು. ತುದಿಗೆ ಹೋಗಿ ಬಗ್ಗಿ ನೋಡಿದರೆ ಒಳಗೆಲ್ಲ ಗೆದ್ದಲು ತಿಂದ ಸುರಂಗ, ಅಂಚಿನಲ್ಲಿ ಹಸಿಮಣ್ಣಿನ ಗೂಡು. ಟೇಪು ದಾಟಿದ ಜಾಗದಲ್ಲಿದ್ದ ಬಿರುಕಿನಿಂದ ಅಳತೆಪಟ್ಟಿ ಇಳಿಸಿದೆವು. ಪೊಳ್ಳಿನ ವ್ಯಾಸ 12 ಸೆಂಟಿಮೀಟರ್ ಇತ್ತು. ಅದರ ವರ್ಗ 144 ಕಳೆದರೆ ಮೊತ್ತ 586, ಹೆಕ್ಟೇರಿಗೆ ಹದಿನಾಲ್ಕೂವರೆ ಘನ ಮೀಟರ್. ಒಂದು ಕೊರಡನ್ನು ಬಡಿದು ನೋಡದಿದ್ದರೆ ಮೂರೂವರೆ ಘನ ಮೀಟರ್ ಗಾಳಿಯನ್ನು ಮರವೆಂದು ಬರೆದುಕೊಳ್ಳುತ್ತಿದ್ದೆವು. ನಮ್ಮ ಭಾಗದ ಒಣ ಕಾಡುಗಳಲ್ಲಿ ಗೆದ್ದಲಿನ ಪಾಲನ್ನು ಲೆಕ್ಕಕ್ಕೆ ಹಿಡಿಯದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ. ಇನ್ನೊಂದು ಮಾತು: ಕೊರಡಿನ ಅಡಿಗೆ ಬರಿಗೈ ಹಾಕಬೇಡಿ, ಚೇಳು ಹಾವುಗಳ ಮನೆ ಅದು. ಹೊರಳಿಸಿದರೆ ಮತ್ತೆ ಇದ್ದಂತೆಯೇ ಇಟ್ಟು ಬನ್ನಿ.

ಗಾತ್ರದಿಂದ ತೂಕಕ್ಕೆ ಬರಲು ಕೊಳೆತದ ಹಂತ ಗೊತ್ತಿರಬೇಕು. ತೊಗಟೆ ಗಟ್ಟಿಯಾಗಿದ್ದು ಚಾಕು ನಾಟದ ಕೊರಡಿನಿಂದ ಹಿಡಿದು, ಮುಟ್ಟಿದರೆ ಪುಡಿಯಾಗುವ ಕೊರಡಿನವರೆಗೆ ಸಾಮಾನ್ಯವಾಗಿ ಐದು ಹಂತಗಳು. ಒಂದೊಂದು ಹಂತದಿಂದಲೂ ಬಿಲ್ಲೆ ಕೊಯ್ದು, ನೀರಿನಲ್ಲಿ ಮುಳುಗಿಸಿ ಗಾತ್ರ ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗುತ್ತೇವೆ. ಒಣ ತೂಕದ ಅರ್ಧದಷ್ಟು ಇಂಗಾಲ ಎಂಬುದು ರೂಢಿಯ ಲೆಕ್ಕ. ಕಾಡಿನ ಇಂಗಾಲವನ್ನು ಎಣಿಸುವ ಐದು ಭಂಡಾರಗಳಲ್ಲಿ ಸತ್ತ ಮರ ಒಂದು, ತರಗೆಲೆ ಇನ್ನೊಂದು.

ತರಗೆಲೆಗೆ ಅರ್ಧ ಮೀಟರ್ ಚೌಕದ ಚೌಕಟ್ಟು ಸಾಕು. ಸಾಗವಾನಿ ಕಾಡಿನಲ್ಲಿ ಕಷ್ಟವೆಂದರೆ ಎಲೆಯೇ ಮೊರದಷ್ಟು ಅಗಲ, ಅರ್ಧ ಒಳಗೆ ಅರ್ಧ ಹೊರಗೆ. ಎಳೆದು ಒಳಗೆ ಹಾಕಿಕೊಳ್ಳಬಾರದು, ತಳ್ಳಲೂಬಾರದು. ಕತ್ತರಿಯಿಂದ ಅಂಚಿಗೆ ಸರಿಯಾಗಿ ಕತ್ತರಿಸಬೇಕು. ಒಣಗಿಸಿದ ಮೇಲೆ 120 ಗ್ರಾಂ ಬಂದರೆ ಹೆಕ್ಟೇರಿಗೆ 4.8 ಟನ್. ಬೆಳಗಿನ ಇಬ್ಬನಿಯಲ್ಲಿ ಆರಿಸಿದ್ದನ್ನು ಹಾಗೆಯೇ ತೂಗಿ ಬರೆದರೆ ನೀವು ತೂಗಿದ್ದು ನೀರು.

ಈ ಅಳತೆಯ ಇನ್ನೊಂದು ಉಪಯೋಗ ಬೆಂಕಿಗೆ ಸಂಬಂಧಿಸಿದ್ದು. ಪೆನ್ಸಿಲ್‌ಗಿಂತ ತೆಳುವಾದ ಪುಳ್ಳೆ ಒಂದು ಗಂಟೆಯ ಇಂಧನ, ಎರಡೂವರೆ ಸೆಂಟಿಮೀಟರ್‌ವರೆಗಿನದು ಹತ್ತು ಗಂಟೆಯದು, ಏಳೂವರೆವರೆಗಿನದು ನೂರು, ಅದಕ್ಕಿಂತ ದಪ್ಪದ್ದು ಸಾವಿರ ಗಂಟೆಯದು. ಗಂಟೆ ಎಂದರೆ ಉರಿಯುವ ಕಾಲವಲ್ಲ. ಗಾಳಿಯ ಒಣಹವೆಗೆ ಕಟ್ಟಿಗೆ ಹೊಂದಿಕೊಳ್ಳಲು, ಅಂದರೆ ಹೆಚ್ಚುವರಿ ತೇವದ ಸುಮಾರು ಮೂರನೆಯ ಎರಡು ಭಾಗವನ್ನು ಬಿಟ್ಟುಕೊಡಲು, ಹಿಡಿಯುವ ಸಮಯ. ಮುಂಜಾನೆ ತೊಯ್ದಿದ್ದ ಪುಳ್ಳೆ ಮಧ್ಯಾಹ್ನಕ್ಕೆ ಕಿಡಿ ಕಾಯುತ್ತಿರುತ್ತದೆ. ದಪ್ಪ ಕೊರಡಿಗೆ ಅದೇ ಕೆಲಸಕ್ಕೆ ನಲವತ್ತು ದಿನಕ್ಕೂ ಹೆಚ್ಚು ಬೇಕು. ಆದ್ದರಿಂದ "ಕಾಡಿನ ಕಸ ತೆಗೆದರೆ ಬೆಂಕಿ ತಪ್ಪುತ್ತದೆ" ಎಂದು ಕೊರಡುಗಳನ್ನೆಲ್ಲ ಹೊರಗೆ ಸಾಗಿಸುವುದನ್ನು ನಾನು ಒಪ್ಪುವುದಿಲ್ಲ. ಬೆಂಕಿಯನ್ನು ಓಡಿಸುವುದು ಹುಲ್ಲು, ತರಗೆಲೆ, ಪುಳ್ಳೆ. ಇಳಿಜಾರಿಗೆ ಅಡ್ಡ ಮಲಗಿದ ಕೊರಡು ಹೊಲದ ಬದುವಿನ ಕೆಲಸ ಮಾಡುತ್ತಿರುತ್ತದೆ: ಮೇಲಿನಿಂದ ಬಂದ ಮಣ್ಣನ್ನೂ ಎಲೆಯನ್ನೂ ತಡೆದು, ತನ್ನ ಬೆನ್ನಿಗೆ ಒಂದಿಷ್ಟು ತೇವ ಇಟ್ಟುಕೊಂಡಿರುತ್ತದೆ. ಅದನ್ನು ಕಸ ಎನ್ನಲು ನನಗೆ ಬಾಯಿ ಬರುವುದಿಲ್ಲ.

2019ರಲ್ಲಿ ವನ್ಯಜೀವಿಧಾಮವಾದ ಗದಗ ಜಿಲ್ಲೆಯ ಕಪ್ಪತಗುಡ್ಡದಂತಹ ಕಡೆ ಚಿತ್ರವೇ ಬೇರೆ. ಕುರುಚಲು ಮತ್ತು ಹುಲ್ಲಿನ ಬೆಟ್ಟದಲ್ಲಿ ಕೊರಡಿಗಿಂತ ಹುಲ್ಲನ್ನು ಕೊಯ್ದು ತೂಗುವುದೇ ಮುಖ್ಯ. ಇಳಿಜಾರಿನ ತಿದ್ದುಪಡಿಯನ್ನೂ ಮರೆಯುವಂತಿಲ್ಲ. 20 ಡಿಗ್ರಿ ಇಳಿಜಾರಿನಲ್ಲಿ ಎಳೆದ 50 ಮೀಟರ್ ಟೇಪು ನಕ್ಷೆಯ ಮೇಲೆ 47 ಮೀಟರ್ ಮಾತ್ರ.

ಆ ಖಾಲಿ ಗೆರೆಗೆ ಮರಳುತ್ತೇನೆ. ಟೇಪಿನ ಉದ್ದಕ್ಕೂ ಮತ್ತೊಮ್ಮೆ ನಡೆದು, ಈ ಸಲ ನೆಲವನ್ನೇ ನೋಡುತ್ತಾ ಹೋದೆವು. 17ನೇ ಮೀಟರಿನಲ್ಲಿ ಕೊಡಲಿಯ ಚಕ್ಕೆಗಳು, ಮುಂದೆ ಹೊರೆ ಇಳಿಸಿದ ಗುರುತು, ಕಾಲುದಾರಿ. ಅಷ್ಟರಲ್ಲಿ ತಲೆಯ ಮೇಲೆ ಹೊರೆ ಹೊತ್ತ ಮಹಿಳೆಯೊಬ್ಬರು ಎದುರಾದರು. "ಅಕ್ಕಾ, ವಾರಕ್ಕೆ ಎಷ್ಟು ಹೊರೆ ಬೇಕಾಗುತ್ತದೆ?" ಎಂದು ಕೇಳಿದೆ. ಗ್ಯಾಸ್ ಇದೆ, ಆದರೆ ಸ್ನಾನದ ನೀರಿಗೆ, ರೊಟ್ಟಿಗೆ ಕಟ್ಟಿಗೆಯೇ ಬೇಕು, ಹೀಗಾಗಿ ಎರಡು ಹೊರೆ ಎಂದರು. ಮೊದಲು ಇಷ್ಟು ದೂರ ಬರಬೇಕಾಗಿರಲಿಲ್ಲ ಎಂದೂ ಸೇರಿಸಿದರು. ಆ ಸೊನ್ನೆಯೊಳಗೆ ಇವರ ಒಲೆಯ ಲೆಕ್ಕವೂ ಇತ್ತು. ಊರಂಚಿನ ಸೊನ್ನೆಗಳನ್ನು ಬಿಟ್ಟು ಒಳಗಾಡಿನ ಅಂಕಿಗಳನ್ನಷ್ಟೇ ಸರಾಸರಿ ಮಾಡಿದರೆ, ಅವರು ಪ್ರತಿ ವರ್ಷ ಇನ್ನಷ್ಟು ದೂರ ನಡೆಯುತ್ತಿರುವುದು ಯಾವ ವರದಿಯಲ್ಲೂ ಕಾಣುವುದಿಲ್ಲ.

ಹುಡುಗ ಹಾಳೆಯಲ್ಲಿ 0 ಎಂದು ಬರೆದ. ಷರಾ ಕಾಲಂನಲ್ಲಿ ಏನು ಬರೆಯಲಿ ಎಂದು ಕೇಳಿದ. ಚಕ್ಕೆಗಳು ಎಷ್ಟನೇ ಮೀಟರಿನಲ್ಲಿವೆ, ಕಾಲುದಾರಿ ಎಲ್ಲಿ ದಾಟುತ್ತದೆ ಎಂಬುದನ್ನು ಬರೆಸಿದೆ. ನಂತರ ದಿಕ್ಸೂಚಿ ನೋಡಿ ಮುಂದಿನ ಗೆರೆಗೆ ಟೇಪು ಬಿಚ್ಚಿದೆವು.