ಕಡ್ಡಿಯಿಲ್ಲದ ಗಾಳಿಪಟ ಹೊಲಿಯುವ ಮುನ್ನ

ಡೊಂಬಿವಲಿಯ ನನ್ನ ಹೊಲಿಗೆ ತರಗತಿಯಲ್ಲಿ ಬ್ಲೌಸ್, ಚೂಡಿದಾರ್ ಕೈಗೆ ಹತ್ತಿದವರು ಈಚೆಗೆ ಹೊಸದೊಂದನ್ನು ಕೇಳುತ್ತಿದ್ದಾರೆ. "ಟೀಚರ್, ಗಾಳಿ ತುಂಬ್ಕೊಂಡು ಹಾರೋ ಪ್ರಾಣಿ ಆಕಾರದ ಪಟ ಮನೇಲಿ ಹೊಲಿಯೋಕಾಗುತ್ತಾ?" ಬೆಳಗಾವಿಯ ಗಾಳಿಪಟ ಉತ್ಸವದ ವಿಡಿಯೊ ನೋಡಿದವರು ಇವರು. ಖಂಡಿತ ಆಗುತ್ತದೆ. ಮನೆಯ ಸಾದಾ ಮೆಷಿನ್ ಸಾಕು. ಆದರೆ ಎಲ್ಲರೂ ಕಣ್ಣು, ಬಣ್ಣ, ಬಾಲದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಹೊಟ್ಟೆಯೊಳಗಿನಿಂದ.

ಈ ಪಟಕ್ಕೆ ಬಿದಿರು ಕಡ್ಡಿ ಇಲ್ಲ. ಬಾಯಿಂದ ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅದರಿಂದಲೇ ಮೈ ಉಬ್ಬುತ್ತದೆ. ಡೊಮಿನಾ ಜಾಲ್ಬರ್ಟ್ 1966ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪ್ಯಾರಾಫಾಯಿಲ್ ಎಂಬ ಕಡ್ಡಿಯಿಲ್ಲದ ಪಟದ ಉಪಾಯ ಇದು. ನ್ಯೂಜಿಲೆಂಡಿನ ಪೀಟರ್ ಲಿನ್ ಇದೇ ದಾರಿಯಲ್ಲಿ ಆಕ್ಟೋಪಸ್, ತೊರಕೆ ಮೀನಿನ ಭಾರೀ ಪಟಗಳನ್ನು ಮಾಡಿ ಹೆಸರಾದವರು. ಗಂಟೆಗೆ 20 ಕಿಲೋಮೀಟರ್ ಗಾಳಿಯಲ್ಲಿ ಒಳಗಿನ ಒತ್ತಡ ಎಷ್ಟಿರುತ್ತದೆ ಗೊತ್ತಾ? 2 ಮಿಲಿಮೀಟರ್ ಎತ್ತರ ನಿಂತ ನೀರಿನಷ್ಟು. ಅಷ್ಟೇ. ಇಷ್ಟು ಕಡಿಮೆ ಬಲದಲ್ಲಿ ಆಕಾರ ನಿಲ್ಲಬೇಕು ಅಂದರೆ ಒಂದಿಷ್ಟೂ ಸೋರುವ ಹಾಗಿಲ್ಲ.

ಹಾಗಾಗಿ ಬಟ್ಟೆ ಮುಖ್ಯ. ಲೇಪನ ಇರುವ ರಿಪ್‌ಸ್ಟಾಪ್ ನೈಲಾನ್ (ಹರಿದರೂ ಸೀಳು ಹಬ್ಬದಂತೆ ನೇಯ್ದದ್ದು) ಕೇಳಿ, ಚದರ ಮೀಟರ್‌ಗೆ 40 ಗ್ರಾಂ ಆಸುಪಾಸಿನದು. ಅಂಗಡಿಯಲ್ಲೇ ತುಟಿಗೆ ಒತ್ತಿಕೊಂಡು ಊದಿ ನೋಡಿ. ಉಸಿರು ಆಚೆ ದಾಟಿದರೆ ಬೇಡ. ರೇನ್‌ಕೋಟಿನ ದಪ್ಪ ಬಟ್ಟೆಯಿಂದ ಉಸಿರು ದಾಟುವುದಿಲ್ಲ ನಿಜ, ಆದರೆ ಅದು ಭಾರ. ನೈಲಾನಿಗೆ ಇನ್ನೊಂದು ಗುಣ ಇದೆ. ತೇವ ಹೀರಿ ಸ್ವಲ್ಪ ಹಿಗ್ಗುತ್ತದೆ. ನಮ್ಮ ಮುಂಬೈ ಹವೆಯಲ್ಲಿ ಅರ್ಧ ಪಟವನ್ನು ಮಳೆಯ ದಿನ, ಉಳಿದರ್ಧವನ್ನು ಒಣ ದಿನ ಕತ್ತರಿಸಿದರೆ ಅಂಚಿಗೆ ಅಂಚು ಕೂಡುವುದಿಲ್ಲ. ಎಲ್ಲ ತುಂಡುಗಳನ್ನೂ ಒಂದೇ ದಿನ ಕತ್ತರಿಸಿ. ಎಡ, ಬಲದ ತುಂಡುಗಳಲ್ಲಿ ಎಳೆಯ ದಿಕ್ಕು ಒಂದೇ ಇರಲಿ. ಒಂದು ರೆಕ್ಕೆ ನೇರ, ಇನ್ನೊಂದು ಕ್ರಾಸ್ (ಓರೆ) ಆದರೆ ಕ್ರಾಸ್ ಆದದ್ದು ಜಾಸ್ತಿ ಹಿಗ್ಗಿ ಪಟ ಒಂದೇ ಕಡೆ ವಾಲುತ್ತದೆ.

ಮೊದಲ ಪಟಕ್ಕೆ ಆನೆ, ಹುಲಿ ಬೇಡ. ಕಾಲುಗಳು ಸುಮ್ನೆ ಗಾಳಿ ಹಿಡಿದು ಹಿಂದಕ್ಕೆ ಎಳೆಯುತ್ತವೆ, ಎತ್ತುವುದಿಲ್ಲ. ತೊರಕೆ ಮೀನು ಮಾಡಿ. ಕರಾವಳಿಯಿಂದ ಬಂದವರಿಗೆ ಹೇಳಬೇಕಾಗಿಲ್ಲ. ಉಳಿದವರು ಮೀನು ಮಾರುವ ಕೋಳಿ ಸಮುದಾಯದ ಹೆಂಗಸರ ಬುಟ್ಟಿಯಲ್ಲಿ ನೋಡಿರುತ್ತೀರಿ. ಚಪ್ಪಟೆ ಮೈ, ಅಗಲ ರೆಕ್ಕೆ, ಉದ್ದ ಬಾಲ. ಹಾರಲು ಬೇಕಾದ್ದೆಲ್ಲ ಅದರಲ್ಲೇ ಇದೆ, ಬಾಲವೇ ಬಾಲಂಗೋಚಿ.

ಈಗ ಹೊಟ್ಟೆಯ ವಿಷಯ. ಎರಡು ಬಟ್ಟೆಯನ್ನು ಅಂಚಿನಲ್ಲಿ ಸೇರಿಸಿ ಗಾಳಿ ತುಂಬಿದರೆ ಅದು ದುಂಡಗಾಗಲು ನೋಡುತ್ತದೆ. 60 ಸೆಂಟಿಮೀಟರ್ ಅಗಲದ ಉದ್ದ ಚೀಲ ಉಬ್ಬಿದಾಗ 38 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ಕಾಗದದ ಮೇಲೆ ಚಂದ ಕಂಡ ತೊರಕೆ ಆಕಾಶದಲ್ಲಿ ದಿಂಬಾಗುವುದು ಇದರಿಂದಲೇ. ತಡೆಯಲು ಮೇಲಿನ ಬಟ್ಟೆಗೂ ಕೆಳಗಿನದಕ್ಕೂ ನಡುವೆ ತಲೆಯಿಂದ ಬಾಲದ ಕಡೆಗೆ ಒಳಗೋಡೆಗಳನ್ನು ಹೊಲಿಯಬೇಕು. ಒಂದೂವರೆ ಮೀಟರ್ ಅಗಲದ ಪಟಕ್ಕೆ 20-25 ಸೆಂಟಿಮೀಟರ್‌ಗೆ ಒಂದರಂತೆ ಇರಲಿ. ಗಾಳಿ ರೆಕ್ಕೆಯ ತುದಿಗೂ ಹೋಗಬೇಕಲ್ವಾ? ಪ್ರತಿ ಗೋಡೆಯಲ್ಲೂ ದುಂಡು ತೂತು ಬಿಡಿ, ಹೊಲಿಗೆಯಿಂದ ಕನಿಷ್ಠ 3 ಸೆಂಟಿಮೀಟರ್ ದೂರದಲ್ಲಿ. ಎಳೆತವೆಲ್ಲ ಬೀಳುವುದು ಆ ಹೊಲಿಗೆಯ ಅಂಚಿನ ಮೇಲೆ.

ಕತ್ತರಿ ಬದಲು ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಗಾಜಿನ ಮೇಲಿಟ್ಟು ಕತ್ತರಿಸಿ, ಅಂಚು ಕರಗಿ ಎಳೆ ಬಿಡುವುದಿಲ್ಲ. ಕಿಟಕಿ ತೆರೆದಿರಲಿ. ಗುಂಡುಸೂಜಿ ಚುಚ್ಚಬೇಡಿ, ಆ ತೂತು ಮುಚ್ಚುವುದಿಲ್ಲ; ಗ್ಲೂ ಸ್ಟಿಕ್ ಸಾಕು. 11 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, 3 ಮಿಲಿಮೀಟರ್ ಹೊಲಿಗೆ. ಬ್ಲೌಸಿನ ಕೈ ಇರುವವರು ಗಟ್ಟಿಯಾಗಲಿ ಎಂದು ಒತ್ತೊತ್ತಾಗಿ ಹೊಲಿಯುತ್ತಾರೆ. ಇಲ್ಲಿ ಆ ತೂತಿನ ಸಾಲಿನ ಗುಂಟವೇ ಬಟ್ಟೆ ಹರಿಯುತ್ತದೆ. ಈ ಬಟ್ಟೆ ಜಾರುತ್ತದೆ ಬೇರೆ. ಮೇಲಿನ ಪದರ ಮೆಲ್ಲಗೆ ಹಿಂದುಳಿದು ಕೊನೆಗೆ ಒಂದು ಬೆರಳಗಲ ಮಿಕ್ಕಿಬಿಡುತ್ತದೆ. ಒಂದು ಕೈ ಸೂಜಿಯ ಮುಂದೆ, ಇನ್ನೊಂದು ಹಿಂದೆ ಇಟ್ಟು ಎರಡೂ ಪದರ ಬಿಗಿಯಾಗಿ ಹಿಡಿಯಿರಿ. ಎಳೆಯಬೇಡಿ.

ಗೋಡೆಗಳನ್ನು ಮೊದಲು ಕೆಳಗಿನ ಬಟ್ಟೆಗೆ ಕೂಡಿಸಿ. ಸೂತ್ರ ಕಟ್ಟುವ ಮುಕ್ಕೋನ ತುಂಡುಗಳನ್ನು ಅದೇ ಹೊಲಿಗೆಯಲ್ಲಿ ಸೇರಿಸಿಬಿಡಿ. ಆಮೇಲೆ ಮೇಲಿನ ಬಟ್ಟೆ, ಕೊನೆಗೆ ಹೊರ ಅಂಚು. ಬಾಲದ ಬುಡದಲ್ಲಿ ಒಂದು ಗೇಣು ಬಿಟ್ಟು ಅಲ್ಲಿಂದ ಒಳಗನ್ನು ಹೊರಗೆ ಮಾಡಿ, ಆ ಜಾಗಕ್ಕೆ ವೆಲ್ಕ್ರೋ ಹಚ್ಚಿ. ಬೀಚಿನ ಮರಳು ಹೊರಗೆ ಬರುವುದೂ ಅಲ್ಲಿಂದಲೇ.

ಬಾಯಿ ಮೂಗಿನ ತುದಿಯ ಸ್ವಲ್ಪ ಕೆಳಗೆ, ಗಾಳಿಗೆ ನೇರ ಎದುರಾಗಿರಲಿ. ಅದಕ್ಕೆ ಸೊಳ್ಳೆ ಪರದೆಯ ಬಟ್ಟೆ ಹೊಲಿದರೆ ಬಾಯಿ ಹಿಗ್ಗುವುದಿಲ್ಲ. ಒಳಗಡೆ ಮೇಲಂಚಿಗೆ ಮಾತ್ರ ಹೊಲಿದ ತೆಳು ಬಟ್ಟೆಯ ಬಾಗಿಲು ಇಳಿಬಿಡಿ. ಗಾಳಿ ನಿಂತ ಕ್ಷಣ ಅದು ಪರದೆಗೆ ಅಂಟಿ ಒಳಗಿನದನ್ನು ಹಿಡಿದಿಡುತ್ತದೆ. ನನ್ನ ಅನುಭವದಲ್ಲಿ ಈ ಸಣ್ಣ ತುಂಡು ಬಿಟ್ಟವರ ಪಟವೇ ಮೊದಲು ಮುದುಡಿ ಬೀಳುವುದು.

ಸೂತ್ರಕ್ಕೂ ಪಾಲಿಯೆಸ್ಟರ್ ಹುರಿಯೇ ಆಗಬೇಕು, ನೈಲಾನ್ ಹಿಗ್ಗಿ ಅಳತೆ ಕೆಡಿಸುತ್ತದೆ. ಎಲ್ಲ ಹುರಿ ಕೂಡುವ ಗಂಟನ್ನು ಮೂಗಿನ ಕಡೆ ಸರಿಸಿದರೆ ಪಟ ಎತ್ತರಕ್ಕೆ ಹೋಗಿ ಎಳೆತ ಕಡಿಮೆಯಾಗುತ್ತದೆ. ಬಾಲದ ಕಡೆ ಸರಿಸಿದರೆ ತಗ್ಗಿನಲ್ಲೇ ನಿಂತು ಜಗ್ಗುತ್ತದೆ. ಒಂದು ಸಲಕ್ಕೆ ಬೆರಳಗಲ ಮಾತ್ರ ಸರಿಸಿ ನೋಡಿ.

ಹಾರಿಸಲು ಜುಹು ಬೀಚ್ ಬೇಡವೇ ಬೇಡ, ವಿಮಾನಗಳ ದಾರಿ ಅದು. ಗೊರಾಯಿ ಕಡೆ ಹೋಗಿ, ಮಧ್ಯಾಹ್ನದ ಮೇಲೆ. ಸಮುದ್ರದಿಂದ ಬರುವ ಗಾಳಿಗೆ ಕಟ್ಟಡಗಳ ಅಡ್ಡಿ ಇರುವುದಿಲ್ಲ, ಒಂದೇ ಸಮ ಬೀಸುತ್ತದೆ. ಮಾಂಜಾ ಮುಟ್ಟಬೇಡಿ, ನೈಲಾನ್ ಮಾಂಜಾವನ್ನಂತೂ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಹೆಣೆದ ದಪ್ಪ ಹುರಿ, ಕೈಗೆ ಗವಸು, ಲಂಗರಿಗೆ ಮರಳು ತುಂಬಿದ ಚೀಲ ಇಟ್ಟುಕೊಳ್ಳಿ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಹುರಿಯನ್ನು ಮಕ್ಕಳ ಕೈಗೆ, ಸೊಂಟಕ್ಕೆ ಕಟ್ಟಬೇಡಿ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಉಪ್ಪು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ನೈಲಾನ್ ಬೇಗ ಲಡ್ಡಾಗುತ್ತದೆ.