ಸೀಟಿ ಊದುವವರ ಬೆನ್ನಿಗೆ ಯಾರು?

ಹೊಸ ಫುಟ್‌ಬಾಲ್ ರೆಫರಿಗಳ ತರಬೇತಿಯಲ್ಲಿ ನಾನು ಮೊದಲ ದಿನ ಪುಸ್ತಕ ತೆರೆಸುವುದಿಲ್ಲ. ಎಲ್ಲರನ್ನೂ ಮೈದಾನದ ಒಂದು ಅಂಚಿನಲ್ಲಿ ನಿಲ್ಲಿಸಿ, ನಾನು ಎದುರಿನ ಅಂಚಿಗೆ ಹೋಗುತ್ತೇನೆ. ಅಲ್ಲಿಂದ ಒಬ್ಬೊಬ್ಬರಿಗೂ ಕೈಬೀಸಿ ಸೀಟಿ ಊದಲು ಹೇಳುತ್ತೇನೆ. ಮೊದಲ ಸೀಟಿ ಹೆಚ್ಚುಕಡಿಮೆ ಎಲ್ಲರದೂ ಒಂದೇ ಥರ: ಅಳುಕುತ್ತಾ ಹೊರಟು ಅರ್ಧದಲ್ಲೇ ಕರಗಿಹೋಗುತ್ತದೆ. ಜನರ ನಡುವೆ ಜೋರಾಗಿ ಸದ್ದು ಮಾಡಬಾರದೆಂದು ಚಿಕ್ಕಂದಿನಿಂದ ಕಲಿತವರು ಅವರು. ಒಂದು ದಿನದಲ್ಲಿ ಆ ಸಂಕೋಚ ಹೋಗುವುದಿಲ್ಲ. ಹತ್ತಿಪ್ಪತ್ತು ಸಲ ಊದಿದ ಮೇಲೆ ದನಿಯಲ್ಲಿ ವ್ಯತ್ಯಾಸ ಮೂಡುತ್ತದೆ. ಸಣ್ಣ ಫೌಲ್‌ಗೆ ಗಿಡ್ಡ ಸೀಟಿ, ಪೆನಾಲ್ಟಿಗೆ ಉದ್ದನೆಯ ಗಟ್ಟಿ ಸೀಟಿ. ಚೆಂಡು ಗೆರೆ ದಾಟಿದ್ದು ಎಲ್ಲರಿಗೂ ಕಂಡ ಥ್ರೋ-ಇನ್‌ಗೆ ಸೀಟಿಯೇ ಬೇಡ. ಆಟಗಾರರು ನಿಮ್ಮ ಮುಖ ನೋಡುವ ಮೊದಲೇ ಈ ದನಿಯಿಂದ ನಿಮ್ಮನ್ನು ಅಳೆದುಬಿಟ್ಟಿರುತ್ತಾರೆ.

ನಿಯಮಗಳನ್ನು ಕಲಿಸುವುದು ಕಷ್ಟವಲ್ಲ. ಇರುವುದು 17. ಅವುಗಳನ್ನು ಕಾಯುವ ಸಂಸ್ಥೆ ಐಎಫ್‌ಎಬಿ 1886ರಿಂದ ಇದೆ; ನಿಯಮ ಪುಸ್ತಕವನ್ನು ಉಚಿತವಾಗಿಯೇ ಕೊಡುತ್ತದೆ. ಒಮ್ಮೆ ಪರೀಕ್ಷೆ ಪಾಸಾದರೆ ಮುಗಿಯಿತು ಎಂದುಕೊಳ್ಳುವುದರಲ್ಲಿ ತೊಂದರೆಯಿದೆ. ತಿದ್ದುಪಡಿಗಳು ಸಾಮಾನ್ಯವಾಗಿ ಪ್ರತಿ ಜುಲೈ 1ರಿಂದ ಜಾರಿಗೆ ಬರುತ್ತವೆ. ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿದಿಟ್ಟುಕೊಳ್ಳುವ ವಿಷಯವನ್ನೇ ನೋಡಿ. ಹಿಂದೆ ಆರು ಸೆಕೆಂಡ್ ಮೀರಿದರೆ ಎದುರಾಳಿಗೆ ಇಂಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರವಾಗಿ ಗೋಲು ಹೊಡೆಯಲಾಗದ ಒದೆತ, ಎಂದಿತ್ತು. ಅದನ್ನು ಕೊಟ್ಟ ರೆಫರಿಗಳು ಅಪರೂಪ. 2025-26ರ ಋತುವಿನಿಂದ ಎಂಟು ಸೆಕೆಂಡ್ ಮೀರಿದರೆ ಎದುರಾಳಿಗೆ ಕಾರ್ನರ್ ಕಿಕ್. ಕೊನೆಯ ಐದು ಸೆಕೆಂಡ್‌ಗಳನ್ನು ರೆಫರಿ ಕೈಯೆತ್ತಿ ಬೆರಳಿನಲ್ಲಿ ಎಣಿಸಿ ತೋರಿಸಬೇಕು. ಓದಿದರೆ ಎರಡು ಸಾಲು. ಮೈದಾನದಲ್ಲಿ ಒಂದು ಕಣ್ಣು ಗೋಲ್‌ಕೀಪರ್ ಮೇಲೆ, ಇನ್ನೊಂದು ಮಧ್ಯದಲ್ಲಿ ಒಬ್ಬರನ್ನೊಬ್ಬರು ನೂಕುತ್ತಿರುವವರ ಮೇಲೆ ಇಟ್ಟು ಎಣಿಸಲು ಅಭ್ಯಾಸ ಬೇಕು. ವರ್ಷಕ್ಕೊಂದು ಪುನಶ್ಚೇತನ ತರಗತಿ ನಡೆಸದ ಸಂಘ ತನ್ನ ರೆಫರಿಗಳನ್ನು ಹಳೆಯ ನಿಯಮದೊಂದಿಗೆ ಹೊಸ ಪಂದ್ಯಕ್ಕೆ ಕಳಿಸುತ್ತದೆ.

ದೈಹಿಕ ಕ್ಷಮತೆಯ ಬಗ್ಗೆ ಹೊಸಬರನ್ನು ಹೆದರಿಸುವವರೇ ಹೆಚ್ಚು. ಪುರುಷ ಅಂತರರಾಷ್ಟ್ರೀಯ ರೆಫರಿಗಳಿಗೆ ಫಿಫಾ ಬಳಸುತ್ತಾ ಬಂದಿರುವ ಪರೀಕ್ಷೆ ನಿಜಕ್ಕೂ ಬೆವರಿಳಿಸುತ್ತದೆ: ತಲಾ ಆರು ಸೆಕೆಂಡ್‌ನೊಳಗೆ 40 ಮೀಟರ್‌ನ ಆರು ಓಟ, ಆಮೇಲೆ 15 ಸೆಕೆಂಡ್‌ನಲ್ಲಿ 75 ಮೀಟರ್ ಓಡಿ 18 ಸೆಕೆಂಡ್‌ನಲ್ಲಿ 25 ಮೀಟರ್ ನಡೆಯುವುದನ್ನು 40 ಸಲ. ಕಿರಿಯರ ಪಂದ್ಯ ನಡೆಸಲು ಇಷ್ಟೆಲ್ಲ ಬೇಕಿಲ್ಲ. ಆದರೆ ಆ ಪರೀಕ್ಷೆಯ ಲಯದಲ್ಲಿ ಒಂದು ಪಾಠವಿದೆ. ರೆಫರಿಯ ಓಟ ಓಡು, ನಿಲ್ಲು, ನಡೆ, ಮತ್ತೆ ಓಡು ಎಂಬಂಥದ್ದು. ನಡುನಡುವೆ ಹಿಂದಕ್ಕೂ ಪಕ್ಕಕ್ಕೂ ಹೆಜ್ಜೆ ಹಾಕಬೇಕು. ಬೆಳಗಿನ ಹೊತ್ತು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವುದಕ್ಕೆ ಇಲ್ಲಿ ಅಂಥ ಉಪಯೋಗವಿಲ್ಲ.

ಓಟಕ್ಕಿಂತ ಎಲ್ಲಿ ನಿಲ್ಲಬೇಕೆಂಬುದು ದೊಡ್ಡ ವಿದ್ಯೆ. ಇದಕ್ಕೆ ನನ್ನದೊಂದು ಸರಳ ಪಾಠವಿದೆ. ಇಬ್ಬರನ್ನು ಭುಜಕ್ಕೆ ಭುಜ ತಾಗಿಸಿ ಚೆಂಡಿನ ಹಿಂದೆ ಓಡಿಸುತ್ತೇನೆ. ಒಬ್ಬನಿಗೆ ಮಾತ್ರ ಗುಟ್ಟಾಗಿ, ನಡುವೆ ಇನ್ನೊಬ್ಬನ ಅಂಗಿ ಜಗ್ಗಲು ಹೇಳಿರುತ್ತೇನೆ. ಹೊಸ ರೆಫರಿ ಅವರ ಬೆನ್ನ ಹಿಂದೆ ಐದೇ ಮೀಟರ್ ದೂರದಲ್ಲಿ ಓಡುತ್ತಾರೆ, ಏನೂ ಕಾಣುವುದಿಲ್ಲ. ಹದಿನೈದು ಮೀಟರ್ ದೂರಕ್ಕೆ ಸರಿದು, ಆ ಇಬ್ಬರ ನಡುವಿನ ಸಂದು ಕಾಣುವ ಕಡೆಯಿಂದ ನೋಡಲು ಹೇಳುತ್ತೇನೆ. ಅಂಗಿ ಹಿಡಿದ ಮುಷ್ಟಿ ಆಗ ಕಣ್ಣಿಗೆ ರಾಚುತ್ತದೆ. ಹತ್ತಿರ ಹೋದರೆ ಸಾಕೆಂಬ ನಂಬಿಕೆ ಅಲ್ಲಿಗೆ ಮುಗಿಯುತ್ತದೆ.

ಇಷ್ಟನ್ನು ಯಾವ ಒಳ್ಳೆಯ ಶಿಬಿರವೂ ಕಲಿಸುತ್ತದೆ. ಪ್ರಮಾಣಪತ್ರ ಕೊಟ್ಟ ಮರುದಿನ ಏನಾಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ, ಮತ್ತು ನಮ್ಮ ವೃತ್ತಿ ಸೋಲುವುದು ಅಲ್ಲಿಯೇ. ಮೇಲಿನ ಹಂತದ ರೆಫರಿಗಳಿಗೆ ತರಬೇತುದಾರರಿದ್ದಾರೆ, ಪಂದ್ಯದ ವಿಡಿಯೊ ಇದೆ. ಯುರೋಪಿನಲ್ಲಿ ಉದಯೋನ್ಮುಖರಿಗೆಂದೇ ಅಲ್ಲಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ 2010ರಿಂದ ಸ್ವಿಟ್ಜರ್ಲೆಂಡ್‌ನ ನಿಯಾನ್‌ನಲ್ಲಿ ಒಂದು ಕೇಂದ್ರವನ್ನೂ ನಡೆಸುತ್ತಿದೆ. ಮೊದಲ ಪಂದ್ಯ ನಡೆಸುವ ಹದಿನೆಂಟರ ಹುಡುಗಿಗೆ ಮಾತ್ರ ಯಾರೂ ಇಲ್ಲ. ರೆಫರಿಗಿರಿ ಬಿಟ್ಟವರನ್ನು ಕೇಳಿದ್ದೇನೆ. ನಿಯಮ ಕಷ್ಟವಾಯಿತೆಂದು ಹೇಳಿದವರು ನನಗೆ ಸಿಕ್ಕಿಲ್ಲ. ಮೈದಾನದಿಂದ ಹೊರಬೀಳುವ ಆ ನೂರು ಹೆಜ್ಜೆಯನ್ನು ಒಬ್ಬರೇ ನಡೆಯಲಾಗಲಿಲ್ಲ ಎನ್ನುತ್ತಾರೆ.

ನನ್ನ ಶಿಷ್ಯೆಯೊಬ್ಬಳ ಮೂರನೇ ಪಂದ್ಯ. ಕೊನೆಯ ನಿಮಿಷಗಳಲ್ಲಿ ಪೆನಾಲ್ಟಿ ಕೊಟ್ಟಳು, ಒಂದು ತಂಡ ಸೋತಿತು. ಮುಕ್ತಾಯದ ಸೀಟಿಗೆ ಸೋತ ತಂಡದ ತರಬೇತುದಾರ ಕೂಗುತ್ತಾ ಹಿಂದೆ ಬಿದ್ದ. ನಾನು ಹೋಗಿ ಅವಳ ಪಕ್ಕದಲ್ಲಿ ನಡೆದೆ, ಅಷ್ಟೇ. ಮಾತಾಡಲಿಲ್ಲ, ಅವನಿಗೆ ಉತ್ತರವನ್ನೂ ಕೊಡಲಿಲ್ಲ. ಕೋಣೆಗೆ ಬಂದವಳೇ, "ಸರ್, ಅದು ಪೆನಾಲ್ಟಿ ಆಗಿತ್ತೇ?" ಎಂದು ಕೇಳಿದಳು. "ಮೊದಲು ನೀರು ಕುಡಿಯಮ್ಮ, ಬೂಟು ಬಿಚ್ಚು" ಎಂದೆ. ಅರ್ಧ ಗಂಟೆಯ ಬಳಿಕ ಅವಳೇ ಎಲ್ಲಿ ನಿಂತಿದ್ದೆ, ಏನು ಕಂಡೆ ಎಂದು ಒಂದೊಂದಾಗಿ ಹೇಳುತ್ತಾ ಹೋದಳು. ನಿರ್ಧಾರ ಸರಿಯಿತ್ತು. ತಪ್ಪಾಗಿದ್ದರೂ ನಾನು ಆ ಹೊತ್ತಿನಲ್ಲಿ ಹೇಳುತ್ತಿರಲಿಲ್ಲ. ನನ್ನ ಮೊದಲ ವರ್ಷದಲ್ಲಿ ಹೀಗೆ ಪಕ್ಕದಲ್ಲಿ ನಡೆಯುವವರು ಇರಲಿಲ್ಲ. ಎರಡು ತಿಂಗಳು ಸೀಟಿಯನ್ನು ಕಪಾಟಿನಲ್ಲಿಟ್ಟಿದ್ದೆ.

ಮಾರ್ಗದರ್ಶಿಗಳಾಗುವ ಹಿರಿಯರಿಗೂ ತರಬೇತಿ ಬೇಕು ಎನ್ನುವುದು ಇದಕ್ಕೇ. ಬಹಳಷ್ಟು ಮಂದಿ ವಿರಾಮದ ಹದಿನೈದು ನಿಮಿಷದಲ್ಲಿ ಹನ್ನೆರಡು ತಪ್ಪು ಹೇಳಿಬಿಡುತ್ತಾರೆ. ಎರಡನೇ ಅರ್ಧದಲ್ಲಿ ಆ ರೆಫರಿ ಆಟ ನೋಡುತ್ತಿರುವುದಿಲ್ಲ, ಪಟ್ಟಿ ನೆನಪಿಸಿಕೊಳ್ಳುತ್ತಿರುತ್ತಾರೆ. ವಿರಾಮದಲ್ಲಿ ಒಂದೇ ಮಾತು ಎಂಬುದು ನನ್ನ ಕಟ್ಟಳೆ: "ಚೆಂಡು ಹೋದ ಮೇಲೂ ಆ ಇಬ್ಬರನ್ನು ಒಂದು ಕ್ಷಣ ನೋಡು" ಎನ್ನುವಂಥದ್ದು. ಇನ್ನೊಂದು, ರೆಫರಿಗೆ ಅಂಕ ಕೊಡುವ ವೀಕ್ಷಕರೂ ಧೈರ್ಯ ಹೇಳುವ ಮಾರ್ಗದರ್ಶಿಯೂ ಒಬ್ಬರೇ ಆಗಬಾರದು. ಬಡ್ತಿಯ ಕೀಲಿ ಕೈಯಲ್ಲಿರುವವರ ಮುಂದೆ ತಪ್ಪೊಪ್ಪಿಕೊಳ್ಳುವವರು ಯಾರು?

ರೆಫರಿಗಳು ಎದುರಿಸುವ ನಿಂದನೆಗೆ ಕ್ರೀಡೆಯೂ ಕಣ್ಣು ತೆರೆಯುತ್ತಿದೆ. 2024ರ ಯುರೋ ಟೂರ್ನಿಯಲ್ಲಿ ನಾಯಕ ಮಾತ್ರ ರೆಫರಿಯ ಬಳಿ ಬಂದು ವಿವರಣೆ ಕೇಳಬಹುದೆಂಬ ಪದ್ಧತಿ ಬಂತು. ಕೆಳಹಂತದ ಪಂದ್ಯಗಳಲ್ಲೂ ಇದನ್ನು ಅಳವಡಿಸಿಕೊಳ್ಳಲು ಐಎಫ್‌ಎಬಿ ಮಾರ್ಗಸೂಚಿ ಕೊಟ್ಟಿದೆ. ಇಂಗ್ಲೆಂಡ್‌ನಲ್ಲಿ 2023ರಿಂದ ಕೆಲವು ವಯಸ್ಕರ ಲೀಗ್‌ಗಳ ರೆಫರಿಗಳು ಎದೆಗೆ ಕ್ಯಾಮೆರಾ ಕಟ್ಟಿಕೊಂಡು ಪ್ರಯೋಗ ಮಾಡಿದರು. ಒಳ್ಳೆಯದೇ. ಆದರೆ ಕ್ಯಾಮೆರಾ ಇಲ್ಲದವರ ಕೈಯಲ್ಲಿರುವ ಆಯುಧ ಪಂದ್ಯದ ವರದಿ, ಅದನ್ನು ಬರೆಯಲು ಶಿಬಿರಗಳು ಅರ್ಧ ಗಂಟೆಯನ್ನೂ ಕೊಡುವುದಿಲ್ಲ. "ಆಟಗಾರ ಅಸಭ್ಯವಾಗಿ ವರ್ತಿಸಿದ" ಎಂದು ಬರೆದರೆ ಶಿಸ್ತು ಸಮಿತಿಗೆ ಹಿಡಿಯಲು ಏನೂ ಸಿಗುವುದಿಲ್ಲ. "72ನೇ ನಿಮಿಷ, 6ನೇ ಸಂಖ್ಯೆಯ ಆಟಗಾರ, ನನ್ನಿಂದ ಎರಡು ಮೀಟರ್ ದೂರದಲ್ಲಿ ನಿಂತು ಈ ಮಾತು ಹೇಳಿದ" ಎಂದು, ಆ ಮಾತನ್ನು ಬೈಗುಳವಾದರೂ ಇದ್ದ ಹಾಗೇ ಬರೆದರೆ ವರದಿ ನಿಲ್ಲುತ್ತದೆ. ಮುಜುಗರ ಬೇಡ, ಬೈದದ್ದು ನೀವಲ್ಲ.

ಮಹಿಳೆಯರಿಗೆ ದಾರಿ ಮೊದಲಿಗಿಂತ ತೆರೆದಿದೆ. 2022ರ ಡಿಸೆಂಬರ್ 1ರಂದು ಕೋಸ್ಟರಿಕಾ–ಜರ್ಮನಿ ಪಂದ್ಯ ನಡೆಸಿದ ಸ್ಟೆಫನಿ ಫ್ರಾಪಾರ್, ಪುರುಷರ ವಿಶ್ವಕಪ್‌ನಲ್ಲಿ ರೆಫರಿಯಾದ ಮೊದಲ ಮಹಿಳೆ. ಗೆರೆಯ ಮೇಲಿದ್ದ ಇಬ್ಬರು ಸಹಾಯಕರೂ ಮಹಿಳೆಯರೇ. ಆ ಚಿತ್ರವನ್ನು ಗೋಡೆಗೆ ಅಂಟಿಸಿರುವ ಸಂಘಗಳು ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆಯನ್ನೂ ಒದಗಿಸಬೇಕು.

ತರಬೇತಿಗೆ ಸೇರಬೇಕೆಂದಿರುವವರು ಶುಲ್ಕ, ಸಮವಸ್ತ್ರ, ಪರೀಕ್ಷೆಯ ದಿನ ಎಲ್ಲವನ್ನೂ ವಿಚಾರಿಸುತ್ತಾರೆ. ಜೊತೆಗೆ ಇದನ್ನೂ ಕೇಳಿ: "ನನ್ನ ಮೊದಲ ಐದು ಪಂದ್ಯಗಳಿಗೆ ಯಾರು ಬರುತ್ತಾರೆ?" ಹೆಸರು ಹೇಳಿದರೆ ಕಣ್ಣುಮುಚ್ಚಿ ಸೇರಿ. "ನೋಡೋಣ" ಎಂದರೂ ಸೇರಿ, ಆದರೆ ಹಿರಿಯ ರೆಫರಿಯೊಬ್ಬರನ್ನು ನೀವೇ ಹುಡುಕಿ ಕರೆಯಿರಿ. ನಿವೃತ್ತರಾದ ನಮಗೆ ವಾರಾಂತ್ಯದಲ್ಲಿ ಮನೆಯಲ್ಲಿ ಕೂರಲು ಬರುವುದಿಲ್ಲ.