ಜುಲೈನಲ್ಲಿ ಬರೀ ಮೋಡ, ಸೆಪ್ಟೆಂಬರ್‌ನಲ್ಲಿ ಜೋರು ಮಳೆ: ಬೆಂಗಳೂರಿನಲ್ಲಿ ಹೀಗೇಕೆ?

ಪ್ರಶ್ನೆ: ಮುಂಗಾರು ಬರುವುದು ಜೂನ್‌ನಲ್ಲಿ. ಜುಲೈ ಪೂರ್ತಿ ಮೋಡ ಕವಿದೇ ಇರುತ್ತದೆ. ಆದರೂ ಬೆಂಗಳೂರಿನ ರಸ್ತೆಗಳಲ್ಲಿ ನೀರು ನಿಲ್ಲುವಂಥ ಮಳೆ ಹೆಚ್ಚಾಗಿ ಮೇನಲ್ಲಿ, ಇಲ್ಲವೇ ಸೆಪ್ಟೆಂಬರ್‌ನಲ್ಲಿ. ಕಾರಣವೇನು?

ಉತ್ತರ: ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಹೆಚ್ಚುಕಡಿಮೆ 1000 ಮಿ.ಮೀ. ಮಳೆ. ಅದರಲ್ಲಿ ಸೆಪ್ಟೆಂಬರ್ ಒಂದರ ಪಾಲೇ 200 ಮಿ.ಮೀ. ದಾಟುತ್ತದೆ, ಅಕ್ಟೋಬರ್ ಅದರ ಹಿಂದೆಯೇ ಇದೆ. ಜೂನ್, ಜುಲೈ ತಲಾ 110ರ ಆಸುಪಾಸು. ಮೇ ತಿಂಗಳು ಜೂನ್‌ಗಿಂತ ತುಸು ಮೇಲೆ. ಬಯಲುಸೀಮೆಯ ರೈತರಿಗೆ ಇದು ಹೊಸ ಸುದ್ದಿಯಲ್ಲ. ಕೆರೆ ತುಂಬುವ ಆಸೆಯನ್ನು ಅವರು ಇಟ್ಟುಕೊಳ್ಳುವುದೇ ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಮೇಲೆ. ಇವು ಮೂರೂ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಎರಡನೇ ವಾರದೊಳಗೆ ಬರುತ್ತವೆ.

ಮೊದಲು ಜುಲೈ ವಿಷಯ. ಆಗ ಅರಬ್ಬಿ ಸಮುದ್ರದಿಂದ ಬೀಸುವ ಪಶ್ಚಿಮದ ಗಾಳಿ ವರ್ಷದಲ್ಲೇ ಅತಿ ಜೋರು. ಅದು ಘಟ್ಟಕ್ಕೆ ಬಡಿದು ಮೇಲೇರುವಾಗ ಹೊತ್ತು ತಂದ ನೀರಿನ ಬಹುಪಾಲನ್ನು ಅಲ್ಲೇ ಇಳಿಸಿಬಿಡುತ್ತದೆ. ಮಂಗಳೂರಿಗೆ ಜುಲೈ ಒಂದರಲ್ಲೇ ಸುಮಾರು 1000 ಮಿ.ಮೀ. ಬೀಳುತ್ತದೆ, ನಮ್ಮ ಇಡೀ ವರ್ಷದಷ್ಟು! ಘಟ್ಟ ದಾಟಿ ಕೆಳಗಿಳಿದ ಗಾಳಿ ಬಿಸಿಯಾಗಿ ಒಣಗುತ್ತದೆ, ಉಳಿಯುವುದು ತೆಳ್ಳನೆಯ ಮೋಡ. ಆ ಮೋಡ ಬಿಸಿಲನ್ನು ತಡೆಯುವುದರಿಂದ ನೆಲ ಕಾಯುವುದಿಲ್ಲ. ನೆಲ ಕಾಯದೆ ಗುಡುಗು ಮೋಡ ಎದ್ದು ನಿಲ್ಲುವುದಿಲ್ಲ. ಅಲ್ಪಸ್ವಲ್ಪ ಎದ್ದರೂ ಮೇಲಿನ ಗಾಳಿ ಅದನ್ನು ಓರೆ ಮಾಡಿ ಚದುರಿಸುತ್ತದೆ. ಹಾಗಾಗಿ ದಿನವಿಡೀ ಜಿಟಿಜಿಟಿ ಹನಿದು, ಬಟ್ಟೆ ಒಣಗದಿದ್ದರೂ, ಮಳೆಮಾಪಕದಲ್ಲಿ ಸಿಗುವುದು ಮೂರೋ ನಾಲ್ಕೋ ಮಿ.ಮೀ.

ಮಳೆ ಹೀಗೆ ಮೇನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ, ಎರಡು ಸಲ ಏರುವುದಕ್ಕೆ ಸೂರ್ಯನ ನಂಟೂ ಇದೆ. ನಗರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಶಾಲೆಗಳಲ್ಲಿ ಕೋಲು ನೆಟ್ಟು ನೋಡುವ ಶೂನ್ಯ ನೆರಳಿನ ದಿನಗಳು ಇವೇ. ಉಷ್ಣವಲಯದ ಮಳೆ ಸೂರ್ಯನ ಹಿಂದೆ ಕೆಲವು ವಾರ ತಡವಾಗಿ ನಡೆಯುತ್ತದೆ.

ಮೇನಲ್ಲಿ ಕಾವು ಹೆಚ್ಚು, ತೇವ ಕಡಿಮೆ. ಆಗಿನ ಮಳೆಗೆ ಗಾಳಿ, ಸಿಡಿಲು, ಆಲಿಕಲ್ಲು ಜೊತೆಗೂಡುತ್ತವೆ. ಮರಗಳು ಉರುಳುವುದೂ ಆಗಲೇ ಹೆಚ್ಚು. ಸೆಪ್ಟೆಂಬರ್ ಹೊತ್ತಿಗೆ ಪಶ್ಚಿಮದ ಗಾಳಿ ಸಡಿಲಗೊಂಡಿರುತ್ತದೆ. ಬೆಳಗ್ಗೆ ಬಿಸಿಲು ಕಾಯುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ, ಮಧ್ಯಾಹ್ನ ಮೂರು–ನಾಲ್ಕರ ಹೊತ್ತಿಗೆ ಮೋಡ ಎತ್ತರಕ್ಕೆ ಬೆಳೆದು ಸಂಜೆಗೆ ಸುರಿಯುತ್ತದೆ. ಅಕ್ಟೋಬರ್ 20ರ ಆಜುಬಾಜು ಹಿಂಗಾರು ಶುರು. ಅದರ ಮುಖ್ಯ ಪಾಲು ಚೆನ್ನೈ ಕಡೆಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದಾಗ ಅದರ ಅಂಚು ನಮಗೂ ತಾಕುತ್ತದೆ. ಡಿಸೆಂಬರ್ ಕಳೆದರೆ ಮಾರ್ಚ್‌ವರೆಗೆ ಹೇಳಿಕೊಳ್ಳುವಂಥದ್ದೇನಿಲ್ಲ.

ಸರಾಸರಿ ಅಂಕಿಯನ್ನು ಓದುವಾಗ ಮಾತ್ರ ಎಚ್ಚರ ಬೇಕು. ಸೆಪ್ಟೆಂಬರ್‌ಗೆ 200 ಮಿ.ಮೀ. ಎಂದರೆ ದಿನಕ್ಕೆ ಏಳರಂತೆ ಹಂಚಿಕೊಂಡು ಬೀಳುತ್ತದೆ ಎಂದುಕೊಳ್ಳಬೇಡಿ. 2024ರ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಬಿತ್ತು, ಜೂನ್ ತಿಂಗಳಿಡೀ ಬೀಳಬೇಕಾದಷ್ಟು. ಜೂನ್‌ನ ಒಂದು ದಿನದ ಹಿಂದಿನ ದಾಖಲೆ 1891ರದ್ದು, 101.6 ಮಿ.ಮೀ. ಇನ್ನೊಂದು ಗೊಂದಲ ದಿನಾಂಕದ್ದು. ಹವಾಮಾನ ಇಲಾಖೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗಿನ ಮಳೆಯನ್ನು ಒಂದು ದಿನದ ಲೆಕ್ಕಕ್ಕೆ ಹಿಡಿಯುತ್ತದೆ. 5ನೇ ತಾರೀಖಿನ ರಾತ್ರಿಯ ಮಳೆ 6ನೇ ತಾರೀಖಿನ ಪಟ್ಟಿಯಲ್ಲಿ ಕಾಣುವುದು ಇದರಿಂದಲೇ. ಜೊತೆಗೆ ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಎಚ್‌ಎಎಲ್ ಕಡೆ ತೊಯ್ದು ತೊಪ್ಪೆಯಾದ ಸಂಜೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಒಂದು ಹನಿಯೂ ಬೀಳದಿರಬಹುದು. ನಿಮ್ಮ ಬೀದಿಯ ಲೆಕ್ಕ ಬೇಕಿದ್ದರೆ ನೇರ ಗೋಡೆಯ ಮಳೆಮಾಪಕವನ್ನು ಬಯಲಲ್ಲಿಡಿ. ಹತ್ತಿರದ ಗೋಡೆ, ಮರ ಎಷ್ಟು ಎತ್ತರವಿದೆಯೋ ಕನಿಷ್ಠ ಅದರ ಎರಡರಷ್ಟು ದೂರವಿರಲಿ. ಮೇಲಕ್ಕೆ ಅಗಲವಾಗುತ್ತ ಹೋಗುವ ಬಕೆಟ್ಟಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಮನೆಯ ಮಟ್ಟಿಗೆ ಇದರ ಉಪಯೋಗ ಮಳೆನೀರು ಹಿಡಿಯುವುದರಲ್ಲಿ. 1200 ಚದರ ಅಡಿ ತಾರಸಿ ಎಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ ಬಿದ್ದ ಒಂದು ಮಿ.ಮೀ. ಮಳೆ 111 ಲೀಟರ್. ಸಂಜೆ ಮಳೆ ನಿಮಿಷಕ್ಕೊಂದು ಮಿ.ಮೀ. ವೇಗದಲ್ಲಿ ಇಪ್ಪತ್ತು ನಿಮಿಷ ಸುರಿದರೆ 2,200 ಲೀಟರ್ ದಾಟುತ್ತದೆ. ಎರಡಿಂಚಿನ ಒಂದೇ ಪೈಪ್ ಇದನ್ನು ಇಳಿಸಲಾರದೆ ತಾರಸಿಯಲ್ಲಿ ನೀರು ನಿಂತು ಗೋಡೆಗೆ ತೇವ ಹತ್ತುತ್ತದೆ. ನಾಲ್ಕಿಂಚಿನವು ಎರಡಿರಲಿ, ಬಾಯಿಗೆ ಜಾಲರಿ ಇರಲಿ. ತಾರಸಿ ತೊಳೆಯುವ ಕೆಲಸವನ್ನು ಜೂನ್‌ಗೆ ಮುಂದೂಡದೆ ಏಪ್ರಿಲ್ ಮಧ್ಯದೊಳಗೆ ಮುಗಿಸಿ. ಬೇಸಿಗೆಯ ಮೊದಲ ಮಳೆಯ ಒಂದೆರಡು ಮಿ.ಮೀ.ನಷ್ಟು ನೀರನ್ನು ಹೊರಗೆ ಬಿಡಿ, ಅದರಲ್ಲಿ ದೂಳೇ ಹೆಚ್ಚು. ಜುಲೈನ ಜಿಟಿಜಿಟಿಗೆ ಪಾಚಿ ಕಟ್ಟಿ, ಎಲೆಗಳು ಪೈಪಿನ ಬಾಯಿಗೆ ಅಂಟಿಕೊಂಡಿರುತ್ತವೆ. ಆಗಸ್ಟ್ ಕೊನೆಗೆ ಇನ್ನೊಮ್ಮೆ ತೆಗೆಯಿರಿ. ಸೋರಿ, ಆರಿ ಹೋಗುವ ಪಾಲನ್ನು ಕಳೆದರೂ 5,000 ಲೀಟರ್ ತೊಟ್ಟಿ ತುಂಬಲು 53 ಮಿ.ಮೀ. ಸಾಕು. ಸೆಪ್ಟೆಂಬರ್‌ನಲ್ಲಿ ಅಷ್ಟು ಮಳೆ ಎರಡೇ ಸಂಜೆಗಳಲ್ಲಿ ಬಂದುಬಿಡಬಹುದು. ಆಮೇಲೆ ಉಕ್ಕುವ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸಿ.